ಆಂಗ್ಲ ಪ್ರತ್ಯಯಗಳ ಅರ್ಥನಿರ್ಣಯ

ಇಂಗ್ಲಿಷ್ ವ್ಯಾಕರಣವನ್ನು ಕನ್ನಡದ ಮೂಲಕ ಬೋಧಿಸುವ ಪುಸ್ತಕಗಳಲ್ಲಿ ಶಬ್ದನಿಷ್ಪತ್ತಿಯ ಪ್ರಕರಣವು ಸಾಮಾನ್ಯವಾಗಿ ಒಂದು ಪಟ್ಟಿಯ ರೂಪದಲ್ಲಿರುತ್ತದೆ. ಎಡಗಡೆಗೆ ಪ್ರತ್ಯಯ, ಬಲಗಡೆಗೆ ಅದರ ಅರ್ಥ. ‘ಅರ್’ ಎಂದರೆ ಮಾಡುವವನು, ‘ನೆಸ್’ ಎಂದರೆ ಭಾವ, ‘ಏಬಲ್’ ಎಂದರೆ ಯೋಗ್ಯವಾದ, ‘ಲೆಸ್’ ಎಂದರೆ ಇಲ್ಲದ, ‘ಇಸಂ’ ಎಂದರೆ ವಾದ, ‘ಲಜಿ’ ಎಂದರೆ ಶಾಸ್ತ್ರ. ವಿದ್ಯಾರ್ಥಿಯು ಇದನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಉತ್ತೀರ್ಣನಾಗುತ್ತಾನೆ. ಮುಂದೆ ಅವನೇ ಅಧ್ಯಾಪಕನಾಗಿ ಅದನ್ನೇ ಕಲಿಸುತ್ತಾನೆ, ಇಲ್ಲವೆ ಭಾಷಾಂತರಕಾರನಾಗಿ ಅದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಪಾರಿಭಾಷಿಕ ಶಬ್ದಗಳನ್ನು ಕಟ್ಟುತ್ತಾನೆ. ಈ ಎರಡನೆಯ ಕಾರ್ಯದಿಂದಾಗುವ ಹಾನಿಯು ಪರೀಕ್ಷಾಮಂದಿರದಲ್ಲಿ ಮುಗಿಯತಕ್ಕದ್ದಲ್ಲ. ಅದು ಕನ್ನಡದ ಶಬ್ದಕೋಶಕ್ಕೇ ಬಂದು ಸೇರುತ್ತದೆ. ಆದುದರಿಂದ ಒಂದು ಪ್ರತ್ಯಯಕ್ಕೆ ಒಂದು ಅರ್ಥವೆಂಬ ಈ ಕ್ರಮವು ಎಷ್ಟರಮಟ್ಟಿಗೆ ಶಾಸ್ತ್ರಸಮ್ಮತವೆಂಬುದನ್ನು ವಿಚಾರಿಸುವುದು ಅನಾವಶ್ಯಕವಾಗಲಾರದು.

ಪಾಣಿನಿಯು ಅನುಸರಿಸಿರುವ ಕ್ರಮವು ಇದಕ್ಕೆ ನೇರವಾಗಿ ವಿರುದ್ಧವಾದುದು. ತದ್ಧಿತಪ್ರಕರಣದಲ್ಲಿ ಆತನು ಮೊದಲು ಅರ್ಥವನ್ನು ನಿರ್ದೇಶಿಸುತ್ತಾನೆ: ಇಂಥವನ ಅಪತ್ಯ, ಇಂಥದರಿಂದ ಬಣ್ಣಗೊಂಡದ್ದು, ಇಂಥಲ್ಲಿ ಹುಟ್ಟಿದುದು, ಇಂಥದನ್ನು ಓದುವವನು, ಇಂಥ ದೇವತೆಯುಳ್ಳದ್ದು. ಆಮೇಲೆ ಆಯಾ ಅರ್ಥದಲ್ಲಿ ಯಾವ ಪ್ರಕೃತಿಗೆ ಯಾವ ಪ್ರತ್ಯಯ ಬರುತ್ತದೆಂಬುದನ್ನು ವಿಧಿಸುತ್ತಾನೆ. ಅಣ್ ಎಂಬ ಒಂದೇ ಪ್ರತ್ಯಯದಿಂದ ಉಪಗುವಿನ ಮಗನು ಔಪಗವನಾಗುತ್ತಾನೆ, ಸಂನ್ಯಾಸಿಯ ಬಟ್ಟೆ ಕಾಷಾಯವಾಗುತ್ತದೆ, ವ್ಯಾಕರಣವನ್ನು ಬಲ್ಲವನು ವೈಯಾಕರಣನಾಗುತ್ತಾನೆ, ಇಂದ್ರನಿಗೆ ಸಲ್ಲುವ ಹವಿಸ್ಸು ಐಂದ್ರವಾಗುತ್ತದೆ. ಅಣ್ ಎಂದರೇನೆಂದು ಯಾರಾದರೂ ಕೇಳಿದರೆ ಸಂಸ್ಕೃತ ಪಾಠಶಾಲೆಯ ಸಾಮಾನ್ಯ ವಿದ್ಯಾರ್ಥಿಯೂ ಯಾವ ಅರ್ಥದಲ್ಲಿ ಎಂದು ಮರುಪ್ರಶ್ನೆ ಹಾಕುತ್ತಾನೆ. ಇಂಗ್ಲಿಷಿನ ‘ಇಯನ್’ ಪ್ರತ್ಯಯದ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ‘ಇಂಡಿಯನ್’ ಎಂಬಲ್ಲಿ ದೇಶಸಂಬಂಧ, ‘ಕ್ರಿಶ್ಚಿಯನ್’ ಎಂಬಲ್ಲಿ ಅನುಯಾಯಿತ್ವ, ‘ಲೈಬ್ರೇರಿಯನ್’ ಎಂಬಲ್ಲಿ ಪಾಲನೆ, ‘ಗ್ರಮೇರಿಯನ್’ ಎಂಬಲ್ಲಿ ವೈಯಾಕರಣಪದದಲ್ಲಿರುವ ಜ್ಞಾನವೇ, ‘ವಿಕ್ಟೋರಿಯನ್’ ಎಂಬಲ್ಲಿ ೧೮೩೭ರಿಂದ ೧೯೦೧ರವರೆಗೆ ಆಳಿದ ರಾಣಿಯೊಬ್ಬಳ ಕಾಲ. ಪಟ್ಟಿಯ ಬಲಗಡೆಯಲ್ಲಿ ‘ಸಂಬಂಧಪಟ್ಟ’ ಎಂದು ಬರೆದರೆ ಸುಳ್ಳಾಗುವುದಿಲ್ಲ, ನಿಜ. ಆದರೆ ಹಾಗೆ ಹೇಳಿದುದರಿಂದ ತಿಳಿದುದೂ ಏನೂ ಇಲ್ಲ.

‘ಅರ್’ ಪ್ರತ್ಯಯವನ್ನು ಕರ್ತ್ರರ್ಥಕವೆಂದು ಹೇಳುವುದು ರೂಢಿ. ‘ಟೀಚರ್’ ಕಲಿಸುವವನು, ‘ರೈಟರ್’ ಬರೆಯುವವನು, ಇಷ್ಟು ಸರಿ. ಆದರೆ ಅಡಿಗೆ ಮಾಡುವವನು ‘ಕುಕ್’; ‘ಕುಕರ್’ ಎಂಬುದು ಪಾತ್ರೆ ಅಥವಾ ಒಲೆ, ಎಂದರೆ ಕರಣ. ರೈಲಿನಲ್ಲಿ ‘ಸ್ಲೀಪರ್’ ಎಂದರೆ ಮಲಗುವವನಲ್ಲ, ಮಲಗುವುದಕ್ಕೆ ಏರ್ಪಾಡುಳ್ಳ ಗಾಡಿ; ಇದು ಅಧಿಕರಣ. ‘ಬೆಸ್ಟ್ ಸೆಲರ್’ ಎಂಬುದು ಮಾರುವವನಲ್ಲ, ಮಾರಾಟವಾಗುವ ಪುಸ್ತಕ, ಇದು ಕರ್ಮ. ‘ವಿಲೇಜರ್’ ಎಂಬಲ್ಲಿ ಧಾತುವೇ ಇಲ್ಲ. ಗ್ರಾಮವಾಚಕವಾದ ನಾಮಪದದ ಮೇಲೆ ಬಂದು ನಿವಾಸವನ್ನು ಹೇಳುತ್ತದೆ. ಕೃತ್ತಿಗೂ ತದ್ಧಿತಕ್ಕೂ ಒಂದೇ ರೂಪವಾದುದರಿಂದ ಪಟ್ಟಿ ಬರೆದವರು ಈ ಭೇದವನ್ನೇ ಗಮನಿಸಿಲ್ಲವೆಂದು ತೋರುತ್ತದೆ.

ಇದೇ ಪ್ರತ್ಯಯದ ಇನ್ನೊಂದು ಉದಾಹರಣೆಯು ಕನ್ನಡಕ್ಕೂ ಸಂಬಂಧಿಸಿದೆ. ‘ಕಂಪ್ಯೂಟರ್’ ಎಂಬ ಶಬ್ದವು ೧೭ನೆಯ ಶತಮಾನದಲ್ಲಿ ಲೆಕ್ಕಮಾಡುವ ಮನುಷ್ಯನನ್ನು ಹೇಳುತ್ತಿತ್ತು. ಯಂತ್ರಕ್ಕೆ ಅದು ನಿರಪವಾದವಾಗಿ ರೂಢವಾದುದು ೨೦ನೆಯ ಶತಮಾನದಲ್ಲಿ. ಗಣಧಾತುವಿಗೆ ಣ್ವುಲ್ ಸೇರಿ ಆದ ಗಣಕಶಬ್ದವೂ ಪ್ರಾಚೀನರಲ್ಲಿ ಲೆಕ್ಕಿಗನನ್ನೋ ಜ್ಯೋತಿಷಿಯನ್ನೋ ಹೇಳುತ್ತಿದ್ದು, ಈಗ ಕನ್ನಡದಲ್ಲಿ ಯಂತ್ರವಾಚಕವಾಗಿದೆ. ಎರಡು ಭಾಷೆಗಳಲ್ಲಿಯೂ ಪ್ರತ್ಯಯ ಬದಲಾಗಲಿಲ್ಲ, ಧಾತುವೂ ಬದಲಾಗಲಿಲ್ಲ. ಕರ್ತೃವಿನ ಸ್ಥಾನದಲ್ಲಿ ಮನುಷ್ಯನು ಎದ್ದು ಯಂತ್ರವು ಕುಳಿತಿತು. ಗಣಕಪದವನ್ನು ಆರಿಸಿದವರು ಇಂಗ್ಲಿಷಿನ ರೂಢಿಯನ್ನು ತಿಳಿದೇ ಆರಿಸಿದರೋ, ಅನಾಯಾಸವಾಗಿ ಅದು ಒದಗಿತೋ, ಹೇಗಾದರೂ ಆ ಆಯ್ಕೆಯು ಪ್ರಶಂಸನೀಯವಾಗಿದೆ.

ಕಾರಕವಿಚಾರವಿಲ್ಲದೆ ಪ್ರತ್ಯಯಾರ್ಥವನ್ನು ನಿರ್ಣಯಿಸಲಾಗದೆಂಬುದಕ್ಕೆ ‘ಈ’ ಪ್ರತ್ಯಯಕ್ಕಿಂತ ಉತ್ತಮವಾದ ನಿದರ್ಶನವು ದೊರೆಯಲಾರದು. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಜಯಿಸಿದ ಮೇಲೆ ಅಲ್ಲಿಯ ನ್ಯಾಯಸ್ಥಾನಗಳಲ್ಲಿ ಬಹುಕಾಲ ಫ್ರೆಂಚ್ ಭಾಷೆ ನಡೆಯಿತು. ಆ ಭಾಷೆಯ ಭೂತಕೃದಂತದ ಅಂತ್ಯಸ್ವರವೇ ಇಂಗ್ಲಿಷಿನಲ್ಲಿ ‘ಈ’ ಪ್ರತ್ಯಯವಾಗಿ ಉಳಿಯಿತು. ಇದು ನಮ್ಮ ಕ್ತಪ್ರತ್ಯಯದ ಬಂಧುವಿನಂತಿರುವುದರಿಂದ ಕರ್ಮಾರ್ಥಕವೆಂದು ಪಟ್ಟಿಗಳು ಹೇಳುತ್ತವೆ: ‘ಎಂಪ್ಲಾಯರ್’ ಕೆಲಸಕ್ಕಿಟ್ಟುಕೊಳ್ಳುವವನು, ‘ಎಂಪ್ಲಾಯೀ’ ಇಟ್ಟುಕೊಳ್ಳಲ್ಪಟ್ಟವನು. ಆದರೆ ‘ಪೇಯೀ’ ಎಂಬಲ್ಲಿ ಕೊಡಲ್ಪಟ್ಟದ್ದು ಹಣ. ಪ್ರತ್ಯಯವು ಹೇಳುವುದು ಹಣವನ್ನಲ್ಲ, ಅದನ್ನು ಪಡೆದವನನ್ನು. ಇದು ಸಂಪ್ರದಾನ. ಕಾಗದ ಯಾರ ಹೆಸರಿಗೆ ಹೋಗುತ್ತದೆಯೋ ಅವನು ‘ಅಡ್ರೆಸೀ’, ಆಸ್ತಿಯನ್ನು ನಂಬಿ ಯಾರ ವಶಕ್ಕೆ ಒಪ್ಪಿಸುತ್ತಾರೆಯೋ ಅವನು ‘ಟ್ರಸ್ಟೀ’; ಇವೂ ಸಂಪ್ರದಾನಗಳೇ. ಸೆರೆಯಿಂದ ತಪ್ಪಿಸಿಕೊಂಡವನು ‘ಎಸ್ಕೇಪೀ’. ಇಲ್ಲಿ ತಪ್ಪಿಸಿಕೊಳ್ಳುವ ಕ್ರಿಯೆಗೆ ಅವನೇ ಕರ್ತೃ. ಕೈಯನ್ನೋ ಕಾಲನ್ನೋ ವೈದ್ಯನು ಕತ್ತರಿಸಿ ತೆಗೆದಾಗ ಆ ರೋಗಿ ‘ಆಂಪ್ಯುಟೀ’; ಕತ್ತರಿಸಲ್ಪಟ್ಟದ್ದು ಅಂಗ, ರೋಗಿಯಾದರೋ ಆ ಅಂಗವುಳ್ಳವನು. ಇಲ್ಲಿ ಯಾವ ಕಾರಕವೂ ಇಲ್ಲ, ಷಷ್ಠಿಯ ಸಂಬಂಧ ಮಾತ್ರ. ಕರ್ಮ, ಸಂಪ್ರದಾನ, ಕರ್ತೃ, ಸಂಬಂಧ ಈ ನಾಲ್ಕಕ್ಕೂ ಸಮಾನವಾದುದು ಯಾವುದು? ಪ್ರತ್ಯಯಾಂತವು ಬಹುಮಟ್ಟಿಗೆ ವ್ಯಕ್ತಿಯನ್ನೇ ಹೇಳುತ್ತದೆ. ಆ ವ್ಯಕ್ತಿಯು ಕ್ರಿಯೆಯಲ್ಲಿ ಭಾಗಿಯಾಗಿದ್ದರೂ ಕ್ರಿಯೆ ಪೂರ್ಣವಾಗಿ ಅವನ ಇಚ್ಛೆಗೆ ಅಧೀನವಾಗಿರುವುದಿಲ್ಲ. ಬಸ್ಸಿನಲ್ಲಿ ಪೀಠ ಸಿಕ್ಕದೆ ನಿಂತವನು ‘ಸ್ಟ್ಯಾಂಡೀ’ ಆಗುವುದೂ ಇದರಿಂದಲೇ. ಸಭೆಗೆ ಬಂದವನನ್ನು ‘ಅಟೆಂಡೀ’ ಎನ್ನುವಲ್ಲಿ ಮಾತ್ರ ಈ ಛಾಯೆಯು ಕ್ಷೀಣಿಸಿದೆ.

ಇದೆಲ್ಲ ಕೇವಲ ಶಾಸ್ತ್ರಚರ್ಚೆಯೆಂದು ಭಾವಿಸತಕ್ಕದ್ದಲ್ಲ. ಅಡವಿನ ಪತ್ರಗಳಲ್ಲಿ ‘ಮಾರ್ಟ್‌ಗೇಜರ್’, ‘ಮಾರ್ಟ್‌ಗೇಜೀ’ ಎಂಬ ಎರಡು ಶಬ್ದಗಳು ಬರುತ್ತವೆ. ‘ಈ’ ಪ್ರತ್ಯಯವು ಕ್ರಿಯೆಗೆ ಒಳಗಾದವನನ್ನು, ಎಂದರೆ ಕಷ್ಟಕ್ಕೆ ಸಿಕ್ಕಿದವನನ್ನು, ಹೇಳುತ್ತದೆಂದು ಪಟ್ಟಿಯಿಂದ ಕಲಿತವನು ‘ಮಾರ್ಟ್‌ಗೇಜೀ’ ಎಂದರೆ ಮನೆಯನ್ನು ಅಡವಿಟ್ಟ ಬಡವನೆಂದು ತಿಳಿಯುತ್ತಾನೆ. ವಾಸ್ತವವಾಗಿ ಅಡವಿಡುವ ಕ್ರಿಯೆಗೆ ಕರ್ತೃವಾದ ಬಡವನು ‘ಮಾರ್ಟ್‌ಗೇಜರ್’. ಯಾರಿಗೆ ಅಡವಿಡಲಾಯಿತೋ ಆ ಸಾಹುಕಾರನು ‘ಮಾರ್ಟ್‌ಗೇಜೀ’. ಭಾಷಾಂತರದಲ್ಲಿ ಇದು ತಿರುಗುಮುರುಗಾದರೆ ಮನೆಯ ಒಡೆಯನೂ ಸಾಲಕೊಟ್ಟವನೂ ಕಾಗದದ ಮೇಲೆ ಸ್ಥಾನಪಲ್ಲಟ ಹೊಂದುತ್ತಾರೆ. ಕನ್ನಡದ ಪ್ರತ್ಯಯಗಳು ಇಂಥ ಸಂದಿಗ್ಧತೆಯಿಂದ ದೂರವಾಗಿವೆಯೆಂದು ಹೆಮ್ಮೆಪಡುವ ಹಾಗೂ ಇಲ್ಲ. ‘ಗಾರ’ ಪ್ರತ್ಯಯವು ಬೇಟೆಗಾರ, ಹಾಡುಗಾರ, ಮೋಸಗಾರ ಎಂಬಲ್ಲಿ ಸ್ಪಷ್ಟವಾಗಿ ಕರ್ತೃವನ್ನು ಹೇಳುತ್ತದೆ. ಆದರೆ ಸಾಲಗಾರನು ಯಾರು? ಸಾಲಗಾರನಾಗಿ ಸತ್ತನು ಎಂಬಲ್ಲಿ ಸಾಲ ಪಡೆದವನು. ಸಾಲಗಾರರು ಬಾಗಿಲಿಗೆ ಬಂದು ನಿಂತರು ಎಂಬಲ್ಲಿ ಸಾಲ ಕೊಟ್ಟವರು. ಸಾಲಕ್ಕೂ ಇವನಿಗೂ ಏನೋ ಸಂಬಂಧವಿದೆಯೆಂಬಷ್ಟನ್ನೇ ಪ್ರತ್ಯಯವು ತಿಳಿಸುತ್ತದೆ. ಉಳಿದುದನ್ನು ವಾಕ್ಯವು ತಿಳಿಸಬೇಕು. (ನಮ್ಮ ಹಳ್ಳಿಗಳಲ್ಲಿಯೂ ಬಳಕೆಯಲ್ಲಿರುವ ‘ಕಮಿಟಿ’ ಎಂಬುದು ಸಹ ಮೊದಲು ಈ ಪ್ರತ್ಯಯದಿಂದಾದ ಶಬ್ದ, ಕಾರ್ಯವು ಒಪ್ಪಿಸಲ್ಪಟ್ಟ ಒಬ್ಬ ವ್ಯಕ್ತಿಯನ್ನು ಅದು ಹೇಳುತ್ತಿತ್ತು. ಈಗ ಒಬ್ಬನಿಂದ ಅದು ಆಗದು.)

‘ಏಬಲ್’ ಪ್ರತ್ಯಯವನ್ನು ಸಂಸ್ಕೃತದ ಕೃತ್ಯಪ್ರತ್ಯಯಗಳೊಡನೆ, ಎಂದರೆ ತವ್ಯ ಅನೀಯರ್ ಮೊದಲಾದವುಗಳೊಡನೆ, ಹೋಲಿಸುವುದು ಯುಕ್ತವಾಗಿದೆ. ‘ರೀಡಬಲ್’ ಎಂದರೆ ಪಠನೀಯ, ‘ಈಟಬಲ್’ ಎಂದರೆ ಭಕ್ಷಣೀಯ. ಕೃತ್ಯಪ್ರತ್ಯಯಗಳು ಭಾವಕರ್ಮಗಳಲ್ಲಿಯೇ ಬರುತ್ತವೆಂದು ಪಾಣಿನಿಯು ನಿಯಮಿಸಿದ್ದಾನೆ. ಆದರೆ ಭವ್ಯ, ಗೇಯ, ಪ್ರವಚನೀಯ ಮೊದಲಾದ ಕೆಲವು ಶಬ್ದಗಳಲ್ಲಿ ಕರ್ತ್ರರ್ಥವೂ ವಿಕಲ್ಪವಾಗಿ ಬರುತ್ತದೆಂದು ಅಲ್ಲಿಯೇ ತಿಳಿಸಿದ್ದಾನೆ. ಇಂಗ್ಲಿಷಿನಲ್ಲಿಯೂ ಹೀಗೆಯೇ. ‘ಪೆರಿಷಬಲ್’ ಎಂದರೆ ಕೆಡಿಸಲ್ಪಡತಕ್ಕದ್ದಲ್ಲ, ತಾನಾಗಿ ಕೆಡುವಂಥದು. ೧೯ನೆಯ ಶತಮಾನದಲ್ಲಿ ‘ರಿಲೈಯಬಲ್’ ಎಂಬ ಶಬ್ದದ ಮೇಲೆ ಇಂಗ್ಲಿಷ್ ಶುದ್ಧತಾವಾದಿಗಳು ಆಕ್ಷೇಪಣೆಯನ್ನು ತಂದರು: ಆ ಧಾತುವು ಅಕರ್ಮಕ, ‘ಆನ್’ ಎಂಬ ಉಪಪದವಿಲ್ಲದೆ ಕರ್ಮವನ್ನು ಅಪೇಕ್ಷಿಸದು, ಆದುದರಿಂದ ಶಬ್ದವು ಅಸಾಧುವೆಂದು ಅವರ ವಾದ. ತರ್ಕವು ನಿರ್ದುಷ್ಟವಾಗಿಯೇ ಇತ್ತು. ಲೋಕವು ಅದನ್ನು ಕೇಳಲಿಲ್ಲ. ಶಬ್ದವು ಇಂದು ಎಲ್ಲರ ಬಾಯಲ್ಲಿದೆ. ಇದಲ್ಲದೆ ‘ಈಟಬಲ್’ ಎಂಬಲ್ಲಿ ಧಾತು ಶುದ್ಧ ಇಂಗ್ಲಿಷ್, ಪ್ರತ್ಯಯ ಲ್ಯಾಟಿನ್. ‘ಸ್ಟಾರ್ವೇಷನ್’ ಎಂಬಲ್ಲಿಯೂ ಹಾಗೆಯೇ. ಶಬ್ದಮಣಿದರ್ಪಣದ ದೃಷ್ಟಿಯಿಂದ ನೋಡಿದರೆ ಇವೆಲ್ಲ ಅರಿಸಮಾಸಕ್ಕೆ ಸಮಾನವಾದುವು. ಸಂಸ್ಕೃತ ಕನ್ನಡಗಳನ್ನು ಬೆರಸಬಾರದೆಂದ ಕೇಶಿರಾಜನು ಕೂಡ ಪೂರ್ವಕವಿಪ್ರಯೋಗಕ್ಕೆ ತಲೆಬಾಗಿ ಕೆಲವನ್ನು ಬಿಟ್ಟುಕೊಡಬೇಕಾಯಿತು.

ಭಾವಾರ್ಥಕ ಪ್ರತ್ಯಯಗಳ ವಿಷಯದಲ್ಲಿ ಇಂಗ್ಲಿಷಿಗೂ ಸಂಸ್ಕೃತಕ್ಕೂ ಇರುವ ಸಾದೃಶ್ಯವು ಆಶ್ಚರ್ಯಕರವಾಗಿದೆ. ತಲ್ ಪ್ರತ್ಯಯವು ಸಾಮಾನ್ಯವಾಗಿ ಭಾವವನ್ನು ಹೇಳುತ್ತದೆ; ಆದರೆ ಗ್ರಾಮ, ಜನ, ಬಂಧು ಎಂಬ ಪ್ರಕೃತಿಗಳ ಮೇಲೆ ಬಂದಾಗ ಸಮೂಹವನ್ನು ಹೇಳುತ್ತದೆ. ಕನ್ನಡದಲ್ಲಿ ಜನತೆಯೆಂದರೆ ಜನತ್ವವಲ್ಲ, ಜನಸಮುದಾಯ. ದೇವತಾಶಬ್ದದಲ್ಲಿ ಅದೇ ತಲ್ ಸ್ವಾರ್ಥಿಕ, ದೇವನೇ ದೇವತೆ. ಇಂಗ್ಲಿಷಿನಲ್ಲಿ ‘ಹ್ಯುಮ್ಯಾನಿಟಿ’ ಎಂದರೆ ಮಾನವೀಯತೆಯೂ ಹೌದು, ಮಾನವಕುಲವೂ ಹೌದು. ‘ಬ್ರದರ್‌ಹುಡ್’ ಎಂದರೆ ಭ್ರಾತೃಭಾವವೂ ಹೌದು, ಒಂದು ಸಂಘವೂ ಹೌದು. ಭಾವವಾಚಕವು ದ್ರವ್ಯವಾಚಕವಾಗಿ ಇಳಿದುಬರುವುದೂ ಉಂಟು: ‘ಕ್ಯೂರಿಯಾಸಿಟಿ’ ಕುತೂಹಲ, ಕುತೂಹಲ ಹುಟ್ಟಿಸುವ ಒಂದು ವಸ್ತು ಕೂಡ. ‘ಸೆಕ್ಯೂರಿಟಿ’ ಎಂಬುದು ಬಹುವಚನದಲ್ಲಿ ಋಣಪತ್ರಗಳಾಗುತ್ತದೆ. ‘ನೆಸ್’ ಪ್ರತ್ಯಯವು ಈ ರೀತಿ ಜಡವಾಗುವುದು ಕಡಿಮೆ. ಅದು ಯಾವ ಪ್ರಕೃತಿಗಾದರೂ ಹತ್ತಿಕೊಳ್ಳುತ್ತದೆ, ಪ್ರಕೃತಿಯ ಉಚ್ಚಾರಣೆಯನ್ನು ಕೆಡಿಸುವುದಿಲ್ಲ. ‘ಇಟಿ’ಯಾದರೋ ಬಹುಮಟ್ಟಿಗೆ ಲ್ಯಾಟಿನ್ ಪ್ರಕೃತಿಯನ್ನೇ ಆಶ್ರಯಿಸಿ ಸ್ವರವನ್ನೂ ಬಲಾಘಾತವನ್ನೂ ಬದಲಿಸುತ್ತದೆ. ‘ಸೇನ್’ ಎಂಬುದು ‘ಸ್ಯಾನಿಟಿ’ ಆಗುವುದನ್ನು ನೋಡಬಹುದು. ‘ಬಿಝಿ’ಯಿಂದ ಬಂದ ‘ಬಿಸಿನೆಸ್’ ಎಂಬುದೊಂದೇ ಉಚ್ಚಾರಣೆಯನ್ನೂ ಅರ್ಥವನ್ನೂ ಕಳೆದುಕೊಂಡು ವ್ಯಾಪಾರವಾಗಿ ನಿಂತಿದೆ.

‘ಫುಲ್’, ‘ಲೆಸ್’ ಎಂಬವು ಪರಸ್ಪರವಿರುದ್ಧಗಳೆಂದು ಪಟ್ಟಿಗಳಲ್ಲಿ ಎದುರುಬದುರಾಗಿ ಅಚ್ಚಾಗಿರುತ್ತವೆ. ಆದರೆ ನಾಚಿಕೆಗೇಡಿನ ಕೆಲಸವು ‘ಷೇಮ್‌ಫುಲ್’, ಅದನ್ನು ಮಾಡಿದವನು ‘ಷೇಮ್‌ಲೆಸ್’; ಎರಡೂ ನಿಂದೆಯೇ. ‘ಪ್ರೈಸ್‌ಲೆಸ್’ ಎಂದರೆ ಬೆಲೆಯಿಲ್ಲದ್ದಲ್ಲ, ನಮ್ಮ ಅಮೂಲ್ಯಶಬ್ದದಂತೆ ಬೆಲೆಕಟ್ಟಲಾಗದ್ದು. ಇಷ್ಟರಿಂದಲೇ ಆ ಪಟ್ಟಿಯ ಸಾಲುಗಳ ಗತಿಯು ತಿಳಿಯುತ್ತದೆ.

ಇನ್ನು ಕೆಲವರು ಪ್ರತ್ಯಯದ ಇತಿಹಾಸವನ್ನು ತಿಳಿದರೆ ಅರ್ಥವು ತಾನಾಗಿ ತಿಳಿಯುವುದೆನ್ನುತ್ತಾರೆ. ಇತಿಹಾಸವು ರಮ್ಯವಾದುದೇ. ‘ಕಿಂಗ್‌ಡಂ’, ‘ಫ್ರೀಡಂ’ ಎಂಬಲ್ಲಿಯ ‘ಡಂ’ ಹಳೆಯ ಇಂಗ್ಲಿಷಿನಲ್ಲಿ ತೀರ್ಪು, ಕಟ್ಟಳೆ ಎಂಬ ಅರ್ಥದ ಸ್ವತಂತ್ರ ಪದ. ‘ಹುಡ್’ ಪದವಿ, ಸ್ಥಿತಿ ಎಂಬುದನ್ನು ಹೇಳುತ್ತಿದ್ದ ಶಬ್ದ. ‘ಫ್ರೆಂಡ್‌ಷಿಪ್’ ಎಂಬಲ್ಲಿಯ ‘ಷಿಪ್’ ಹಡಗಲ್ಲ, ಆಕಾರವಾಚಕವಾದ ಶಬ್ದದ ಬಂಧು. ‘ಲೆಸ್’ ಪ್ರತ್ಯಯಕ್ಕೂ ಕಡಿಮೆ ಎಂಬ ಅರ್ಥದ ‘ಲೆಸ್’ ಶಬ್ದಕ್ಕೂ ಸಂಬಂಧವೇ ಇಲ್ಲ. ಕ್ರಿಯಾವಿಶೇಷಣಗಳನ್ನು ಮಾಡುವ ‘ಲಿ’ ದೇಹವಾಚಕವಾದ ಪ್ರಾಚೀನಶಬ್ದದಿಂದ ಬಂದಿದೆ. ಅದೇ ಕೆಲಸವನ್ನು ಫ್ರೆಂಚಿನಲ್ಲಿ ಮಾಡುವ ಪ್ರತ್ಯಯವು ಮನಸ್ಸು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದಿದೆ. ಒಂದು ಭಾಷೆ ದೇಹವನ್ನು, ಇನ್ನೊಂದು ಮನಸ್ಸನ್ನು ಹಿಡಿದು ಒಂದೇ ಸ್ಥಳಕ್ಕೆ ತಲುಪಿದುವು. ಆದರೆ ‘ಸ್ಲೋಲಿ’ ಎಂಬಲ್ಲಿ ದೇಹವನ್ನು ಹುಡುಕುವವನಿಗೆ ಏನೂ ಸಿಕ್ಕದು. ‘ಸ್ಟರ್’ ಎಂಬುದು ಒಂದು ಕಾಲದಲ್ಲಿ ಕೆಲಸಮಾಡುವ ಹೆಂಗಸನ್ನು ಹೇಳುತ್ತಿದ್ದ ಪ್ರತ್ಯಯ. ‘ಸ್ಪಿನ್‌ಸ್ಟರ್’ ಎಂದರೆ ನೂಲುವವಳು. ಅನಂತರ ಆ ಶಬ್ದವು ಮದುವೆಯಾಗದವಳಿಗೆ ರೂಢವಾಯಿತು, ಪ್ರತ್ಯಯವು ಸ್ತ್ರೀತ್ವವನ್ನು ಮರೆಯಿತು. ಈಗ ‘ಗ್ಯಾಂಗ್‌ಸ್ಟರ್’ ಎಂದರೆ ಗಂಡಸೇ ನೆನಪಿಗೆ ಬರುತ್ತಾನೆ. ಬಟ್ಟೆ ಹೊಲಿಯುವವಳನ್ನು ಹೇಳುವುದಕ್ಕೆ ‘ಸ್ಟರ್’ ಸಾಲದೆ ಮತ್ತೊಂದು ಸ್ತ್ರೀಪ್ರತ್ಯಯವನ್ನು ಹಚ್ಚಿ ‘ಸೀಮ್‌ಸ್ಟ್ರೆಸ್’ ಎನ್ನಬೇಕಾಯಿತು. ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ಮೀಮಾಂಸಕರ ನ್ಯಾಯಕ್ಕೆ ಇವೆಲ್ಲ ಉದಾಹರಣೆಗಳು.

ಪಾರಿಭಾಷಿಕ ಶಬ್ದಗಳನ್ನು ನಿರ್ಮಿಸುವವರು ವಿಶೇಷವಾಗಿ ಲಕ್ಷ್ಯವಿಡಬೇಕಾದ ಪ್ರತ್ಯಯಗಳು ‘ಐಸ್’ ಮತ್ತು ‘ಇಸಂ’. ಮೊದಲನೆಯದಕ್ಕೆ ಕನ್ನಡದಲ್ಲಿ ‘ಈಕರಣ’ವನ್ನು ನಿಯತವಾಗಿ ಬಳಸಲಾಗುತ್ತಿದೆ. ಈಕರಣವೆಂಬುದು ಚ್ವಿಪ್ರತ್ಯಯಾಂತವಾದ ರೂಪ. ಮೊದಲು ಹಾಗಿಲ್ಲದುದು ಹಾಗಾಗುವುದೆಂಬುದು ಅದರ ಅರ್ಥ. ರಾಷ್ಟ್ರದ್ದಲ್ಲದುದನ್ನು ರಾಷ್ಟ್ರದ್ದಾಗಿ ಮಾಡುವ ರಾಷ್ಟ್ರೀಕರಣದಲ್ಲಿಯೂ ಖಾಸಗೀಕರಣದಲ್ಲಿಯೂ ಈ ಅರ್ಥವು ಹೇಗೋ ಹೊಂದುತ್ತದೆ. ಆದರೆ ಇಂಗ್ಲಿಷ್ ಪ್ರತ್ಯಯವು ಇಷ್ಟನ್ನೇ ಹೇಳುವುದಿಲ್ಲ. ‘ಹಾಸ್ಪಿಟಲೈಸ್’ ಎಂದರೆ ರೋಗಿಯನ್ನು ಆಸ್ಪತ್ರೆಯನ್ನಾಗಿ ಮಾಡುವುದಲ್ಲ, ಆಸ್ಪತ್ರೆಗೆ ಸೇರಿಸುವುದು. ಇದನ್ನು ಕಂಡೇ ಯಾರೂ ಅಲ್ಲಿ ಈಕರಣವನ್ನು ಹಚ್ಚಲಿಲ್ಲ. ಹಾಲಿನ ವಿಷಯದಲ್ಲಿ ಅಷ್ಟು ಎಚ್ಚರವಿರಲಿಲ್ಲ. ಲೂಯಿ ಪಾಶ್ಚರನು ೧೮೬೦ರ ದಶಕದಲ್ಲಿ ಕಂಡುಹಿಡಿದ ವಿಧಾನದಿಂದ ದ್ರವವನ್ನು ಮಿತವಾಗಿ ಕಾಯಿಸಿ ಕ್ರಿಮಿಗಳನ್ನು ನಾಶಪಡಿಸುವುದಕ್ಕೆ ಕನ್ನಡದಲ್ಲಿ ಪಾಶ್ಚರೀಕರಣವೆನ್ನುತ್ತಾರೆ. ಚ್ವಿಯ ಅರ್ಥವನ್ನು ಬಲ್ಲವನಿಗೆ ಇದು, ಪಾಶ್ಚರನಲ್ಲದ ಹಾಲನ್ನು ಪಾಶ್ಚರನನ್ನಾಗಿ ಮಾಡುವುದು! ಗಣಕೀಕರಣವೂ ಇದೇ ಜಾತಿಯದು. ಕಚೇರಿಯು ಗಣಕವಾಗುವುದಿಲ್ಲ, ಗಣಕವು ಕಚೇರಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ‘ಕ್ರಿಸ್ಟಲೈಸ್’ ಎಂಬುದು ಸಕರ್ಮಕವೂ ಹೌದು ಅಕರ್ಮಕವೂ ಹೌದು. ಸಂಸ್ಕೃತದಲ್ಲಿಯಾದರೋ ಮಾಡುವುದಕ್ಕೆ ಕರಣ, ತಾನಾಗಿ ಆಗುವುದಕ್ಕೆ ಭವನ ಎಂದು ಎರಡು ರೂಪಗಳು ಸಿದ್ಧವಾಗಿವೆ. ಇರುವ ಸಂಪತ್ತನ್ನು ಬಳಸದೆ ಎಲ್ಲಕ್ಕೂ ಕರಣವನ್ನೇ ಹಚ್ಚುವುದು, ಪರಭಾಷೆಯ ಸಂದಿಗ್ಧತೆಯನ್ನು ಬೆಲೆಕೊಟ್ಟು ತಂದಂತೆ. ರೂಢವಾದ ಶಬ್ದಗಳನ್ನು ಈಗ ಕಿತ್ತುಹಾಕಬೇಕೆಂದು ಇದರ ಅಭಿಪ್ರಾಯವಲ್ಲ. ಅದು ಸಾಧ್ಯವೂ ಅಲ್ಲ. ಹೊಸದಾಗಿ ಕಟ್ಟುವಾಗ ‘ಕಾಯಿಸುವುದು’, ‘ಅಳವಡಿಸುವುದು’, ‘ಸೇರಿಸುವುದು’ ಎಂಬ ಸ್ವಂತ ಕ್ರಿಯಾಪದಗಳು ಮೊದಲು ನೆನಪಿಗೆ ಬರಬೇಕಷ್ಟೆ.

‘ಇಸಂ’ ಎಂಬುದಕ್ಕೆ ವಾದವೆಂಬ ಸಮೀಕರಣವು ಇನ್ನೂ ಹೆಚ್ಚು ಪ್ರಚುರವಾಗಿದೆ. ಮಾರ್ಕ್ಸ್‌ವಾದ, ಸಮಾಜವಾದ, ಆದರ್ಶವಾದ ಎಂಬಲ್ಲಿ ಅದು ನಿರ್ವಿವಾದ. ಗ್ರೀಕ್‌ಮೂಲದ ಈ ಪ್ರತ್ಯಯವು ‘ಬ್ಯಾಪ್ಟಿಸಂ’ ಎಂಬಲ್ಲಿ ಒಂದು ಸಂಸ್ಕಾರವನ್ನು, ‘ಹೆರೊಯಿಸಂ’ ಎಂಬಲ್ಲಿ ಶೌರ್ಯವನ್ನು, ‘ಕ್ರಿಟಿಸಿಸಂ’ ಎಂಬಲ್ಲಿ ವಿಮರ್ಶೆಯನ್ನು, ‘ಜರ್ನಲಿಸಂ’ ಎಂಬಲ್ಲಿ ವೃತ್ತಿಯನ್ನು, ‘ರುಮಾಟಿಸಂ’ ಎಂಬಲ್ಲಿ ಸಂಧಿಗಳ ನೋವನ್ನು, ‘ಮ್ಯಾಗ್ನೆಟಿಸಂ’ ಎಂಬಲ್ಲಿ ಒಂದು ಭೌತಶಕ್ತಿಯನ್ನು, ‘ಆರ್ಗನಿಸಂ’ ಎಂಬಲ್ಲಿ ಜೀವಿಯನ್ನೇ ಹೇಳುತ್ತದೆ. ಇವುಗಳಿಗೆ ಪತ್ರಿಕೋದ್ಯಮ, ಕಾಂತತ್ವ, ಜೀವಿ ಎಂದು ಬೇರೆ ಬೇರೆಯಾಗಿ ಹೆಸರಿಟ್ಟವರು ಪಟ್ಟಿಯನ್ನು ಬದಿಗಿಟ್ಟು ಅರ್ಥವನ್ನು ನೋಡಿದವರು. ಆದರೆ ‘ಬುದ್ಧಿಸಂ’, ‘ಜೈನಿಸಂ’ ಎಂಬ ಶಬ್ದಗಳನ್ನು ವಾದದಿಂದ ಅನುವಾದಿಸಿದರೆ ಒಂದು ಧರ್ಮ, ಅದರ ಸಂಘ, ಆಚಾರ, ವಾಙ್ಮಯಗಳೆಲ್ಲ ಒಂದು ತಾರ್ಕಿಕಪಕ್ಷಕ್ಕೆ ಇಳಿಯುತ್ತವೆ. ಹಾಗೆಯೇ ಮದ್ಯದ ಚಟವನ್ನು ಹೇಳುವ ‘ಆಲ್ಕೊಹಾಲಿಸಂ’ ಎಂಬುದನ್ನು ಮದ್ಯವಾದವೆಂದರೆ ವಾದಿಯು ಯಾರೆಂದು ಕೇಳಬೇಕಾಗುತ್ತದೆ. ‘ಲಜಿ’ಯ ವಿಷಯವೂ ಹೀಗೆಯೇ. ‘ಜಿಯಾಲಜಿ’ ಭೂವಿಜ್ಞಾನ, ಸರಿ. ‘ಅಪಾಲಜಿ’ ಯಾವ ಶಾಸ್ತ್ರವೂ ಅಲ್ಲ, ಕ್ಷಮಾಯಾಚನೆ. ‘ಆಂಥಾಲಜಿ’ ಎಂಬುದಕ್ಕೆ ಹೂಗಳನ್ನು ಆಯ್ದು ಕೂಡಿಸುವುದೆಂದು ಮೂಲಾರ್ಥ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು, ಎಂದರೆ ಕೇಶಿರಾಜನ ತಂದೆ, ಮಾಡಿದ ಕೆಲಸ ಅದು.

ಪ್ರತ್ಯಯಗಳು ಸದಾ ಸರಿಯಾದ ಪದಚ್ಛೇದದಿಂದಲೇ ಹುಟ್ಟುತ್ತವೆಂದು ಹೇಳುವಂತಿಲ್ಲ. ಜರ್ಮನಿಯ ಹಾಂಬುರ್ಗ್ ಪಟ್ಟಣದ ಹೆಸರಿಗೆ ‘ಅರ್’ ಸೇರಿ ‘ಹ್ಯಾಂಬರ್ಗರ್’ ಎಂಬ ತಿಂಡಿಯ ಹೆಸರಾಯಿತು. ಜನರು ಅದನ್ನು ಹಂದಿಯ ಮಾಂಸವೆಂಬ ಅರ್ಥದ ‘ಹ್ಯಾಂ’, ಉಳಿದುದು ‘ಬರ್ಗರ್’ ಎಂದು ಒಡೆದು, ಆ ಮಾಂಸವು ಅದರಲ್ಲಿಲ್ಲದಿದ್ದರೂ, ‘ಬರ್ಗರ್’ ಎಂಬ ಹೊಸ ಉತ್ತರಪದವನ್ನು ಪಡೆದರು; ‘ಚೀಸ್‌ಬರ್ಗರ್’ ಮೊದಲಾದುವು ಅದರಿಂದ ಬಂದುವು. ೧೯೭೨ರ ‘ವಾಟರ್‌ಗೇಟ್’ ಪ್ರಕರಣದ ಅನಂತರ ‘ಗೇಟ್’ ಎಂಬುದು ರಾಜಕೀಯ ಹಗರಣವನ್ನು ಹೇಳುವ ಪ್ರತ್ಯಯದಂತಾಯಿತು. ಅದು ಮೊದಲು ಒಂದು ಕಟ್ಟಡದ ಹೆಸರಿನ ಕೊನೆಯ ಭಾಗ ಮಾತ್ರ. ಇದನ್ನು ಪಾಮರರ ಅಜ್ಞಾನವೆಂದು ತಳ್ಳಿಹಾಕುವ ಮೊದಲು ಸಂಸ್ಕೃತದ ಕಡೆಗೂ ನೋಡಬೇಕು. ವಿಧವಾಶಬ್ದದಲ್ಲಿ ವಿ ಎಂಬುದು ಉಪಸರ್ಗವಲ್ಲವೆಂದೂ, ಅದನ್ನು ಉಪಸರ್ಗವೆಂದು ಭ್ರಮಿಸಿ ಬಿಡಿಸಿದುದರಿಂದಲೇ ಪತಿ ಎಂಬ ಅರ್ಥದ ಧವಶಬ್ದವು ಹುಟ್ಟಿತೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಸುರಶಬ್ದದ ಅಕಾರವನ್ನು ನಿಷೇಧಾರ್ಥಕವೆಂದು ತೆಗೆದುದರಿಂದ ಸುರಶಬ್ದವು ಹುಟ್ಟಿದುದೂ ಹೀಗೆಯೇ. ಕೋಶಕಾರರು ಈ ಎರಡನ್ನೂ ಆದರದಿಂದ ಸ್ವೀಕರಿಸಿದ್ದಾರೆ.

‘ಡಂ’, ‘ಹುಡ್’ ಮೊದಲಾದುವು ಪದಗಳಾಗಿದ್ದು ಪ್ರತ್ಯಯಗಳಾದುವು. ‘ಇಸಂ’ ಎಂಬುದು ಇದಕ್ಕೆ ವಿಪರೀತವಾದ ದಾರಿಯನ್ನು ಹಿಡಿದಿದೆ: ೧೭ನೆಯ ಶತಮಾನದಲ್ಲಿಯೇ ಪ್ರಕೃತಿಯನ್ನು ಬಿಟ್ಟು, ಬಗೆಬಗೆಯ ಮತಗಳನ್ನು ಒಟ್ಟಾಗಿ ಹಗುರಾಗಿ ನುಡಿಯುವುದಕ್ಕೆ ಇಂಗ್ಲಿಷಿನಲ್ಲಿ ಸ್ವತಂತ್ರಪದವಾಯಿತು. ಕನ್ನಡದ ಲೇಖಕರೂ ಈಗ ‘ಇಸಂಗಳು’ ಎಂದು ಬಹುವಚನವನ್ನು ಹಚ್ಚಿ ಬರೆಯುತ್ತಿದ್ದಾರೆ. ‘ವಾದ’ಗಳು ಎಂದರೆ ಆ ತಾತ್ಸಾರದ ಧ್ವನಿ ಬಾರದೆಂಬುದನ್ನು ಅವರು ಅರಿತಿರುವಂತಿದೆ.